ಬ್ಯಾಂಕು ಕಾರ್ಡಿಗೆ ಹಣ ತೆತ್ತು ರಕ್ಷಣೆ: ಬೇಕೆ, ಬೇಡವೆ?

ಅಡಿಕೆ ಮಾರಿದ ಹಣವಿರಲಿ, ಕಾಫಿಯ ಹಣವಿರಲಿ, ಈಗ ಬೆಳೆಗಾರನಿಗೆ ಸೇರುವುದು ಹೆಚ್ಚಾಗಿ ಬ್ಯಾಂಕಿನ ಖಾತೆಯ ಮೂಲಕ. ಖಾತೆಯ ಜೊತೆಗೆ ಕಾರ್ಡು ಬಂತು. ಕಾರ್ಡಿನ ಬೆನ್ನಿಗೇ ಮತ್ತೊಂದು ಸರಕು ಬಂದಿದೆ. ಕಾರ್ಡು ಕಳೆದರೆ, ಯಾರಾದರೂ ಕದ್ದು ಬಳಸಿದರೆ ಆದ ನಷ್ಟವನ್ನು ತುಂಬಿಕೊಡುತ್ತೇವೆ, ವರ್ಷಕ್ಕೆ ಇಷ್ಟು ಶುಲ್ಕ ಕೊಡಿ ಎನ್ನುವ ‘ಕಾರ್ಡು ರಕ್ಷಣೆ ಯೋಜನೆ’ ಅದು. ಕೊಳ್ಳುವುದು ಲಾಭವೋ ನಷ್ಟವೋ ಎಂಬುದನ್ನು ಸದಸ್ಯ ಬಾಂಧವರೊಡನೆ ಇಲ್ಲಿ ವಿಚಾರ ಮಾಡಬಯಸುತ್ತೇವೆ.

ಯಾವ ವಿಮೆಯನ್ನೇ ಆಗಲಿ ಕೊಳ್ಳುವ ಮೊದಲು, ನಮಗೆ ಪುಕ್ಕಟೆಯಾಗಿ ದೊರೆತಿರುವ ರಕ್ಷಣೆ ಎಷ್ಟು ಎಂದು ತಿಳಿಯಬೇಕು. ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಈ ಬಗ್ಗೆ ಒಂದು ಸುತ್ತೋಲೆ ಹೊರಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಇಂಥದೇ ಸೂಚನೆ ಹೋಯಿತು. ಅದರ ಸಾರಾಂಶ ಮೂರು ಮಾತಿನಲ್ಲಿದೆ.

ಒಂದು: ಬ್ಯಾಂಕಿನ ಲೋಪದಿಂದ ಹಣ ಹೋಗಿದ್ದರೆ ಖಾತೆದಾರನ ಹೊಣೆ ಸೊನ್ನೆ. ಎರಡು: ತಪ್ಪು ಬ್ಯಾಂಕಿನದೂ ಅಲ್ಲ, ಖಾತೆದಾರನದೂ ಅಲ್ಲ, ನಡುವೆ ಎಲ್ಲೋ ಕಳವು ನಡೆದಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೇಲೆ 3 ಕೆಲಸದ ದಿನಗಳೊಳಗೆ ತಿಳಿಸಿದವನ ಹೊಣೆಯೂ ಸೊನ್ನೆ. 4ರಿಂದ 7ನೆಯ ದಿನದೊಳಗೆ ತಿಳಿಸಿದರೆ ಮೂಲ ಉಳಿತಾಯ ಖಾತೆಗೆ ಹೆಚ್ಚೆಂದರೆ 5,000 ರೂಪಾಯಿ, ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ. ಮೂರು: ರಹಸ್ಯ ಸಂಖ್ಯೆಯನ್ನೋ ಒಟಿಪಿಯನ್ನೋ ಖಾತೆದಾರನೇ ಪರರಿಗೆ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದ ಹಣವೆಲ್ಲ ಅವನ ತಲೆಯ ಮೇಲೆ, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು.

ಖಾತೆದಾರನದೇ ತಪ್ಪು ಎಂದು ಸಾಧಿಸಿ ತೋರಿಸುವ ಭಾರವನ್ನೂ ಆ ಸುತ್ತೋಲೆ ಬ್ಯಾಂಕಿನ ಮೇಲೆಯೇ ಹೊರಿಸಿತು. ದೂರು ಬಂದ 10 ಕೆಲಸದ ದಿನಗಳೊಳಗೆ ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳೊಳಗೆ ದೂರನ್ನು ತೀರ್ಮಾನಿಸಬೇಕು ಎಂದೂ ವಿಧಿಸಿತು. ನಿಯಮಗಳು ಕಾಲಕಾಲಕ್ಕೆ ಪರಿಷ್ಕಾರವಾಗುವುದರಿಂದ ಇಂದಿನ ಮಿತಿಗಳನ್ನು ತಮ್ಮ ಶಾಖೆಯಲ್ಲಿ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಈ ಲೆಕ್ಕ ಹಳ್ಳಿಯಲ್ಲಿ ಹೇಗೆ ನಡೆಯುತ್ತದೆಂದು ನೋಡಲು, ತೋಟದ ಸೀಮೆಯಿಂದ ಬಹುದೂರದ ಒಂದು ಊರನ್ನು ನಿದರ್ಶನಕ್ಕೆ ತೆಗೆದುಕೊಳ್ಳೋಣ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ದಂಡೋತಿ ಕಾಗಿಣಾ ನದಿಯ ದಂಡೆಯ ಊರು. ಸುತ್ತಲೂ ತೊಗರಿಯ ಸೀಮೆ. ಅತ್ತ ಶಹಾಬಾದಿನ ಹಾಸುಗಲ್ಲು, ಇತ್ತ ವಾಡಿಯ ಸಿಮೆಂಟು. ಕಾಗಿಣಾ ತುಂಬಿ ಹರಿದಾಗ ದಂಡೋತಿಯ ಸೇತುವೆ ಮುಳುಗಿ ದಾರಿ ಕಡಿದುಹೋಗುವುದುಂಟು. ಹೊಳೆಯಾಚೆ ಮನೆ, ಈಚೆ ಪೇಟೆ, ನಡುವೆ ಕಾಲುಸಂಕ ಎಂಬಂತಿರುವ ನಮ್ಮ ಮಲೆನಾಡಿಗರಿಗೆ ಈ ಕಷ್ಟ ಹೊಸದೇನಲ್ಲ.

ಅಲ್ಲಿನ ಒಬ್ಬ ತೊಗರಿ ಬೆಳೆಗಾರನ ಉಳಿತಾಯ ಖಾತೆಯಿಂದ, ಕಾರ್ಡನ್ನು ನಕಲು ಮಾಡಿದ ಕಳ್ಳರು ಶುಕ್ರವಾರ ರಾತ್ರಿ 18,000 ರೂಪಾಯಿ ತೆಗೆದರೆಂದು ಇಟ್ಟುಕೊಳ್ಳಿ. ಆಗಲೇ ಮೊಬೈಲಿಗೆ ಸಂದೇಶ ಬಂತು. ಸಂದೇಶ ಬಂದ ದಿನ ಲೆಕ್ಕಕ್ಕಿಲ್ಲ. ಮರುದಿನ ಎರಡನೆಯ ಶನಿವಾರ, ಆಮೇಲೆ ಭಾನುವಾರ, ಎರಡೂ ರಜೆ. ಸೋಮವಾರ, ಮಂಗಳವಾರ, ಬುಧವಾರ ಎಂದು ಮೂರು ದಿನ. ಬುಧವಾರದೊಳಗೆ ತಿಳಿಸಿದರೆ 2017ರ ಲೆಕ್ಕದಂತೆ ಅವನ ನಷ್ಟ ಸೊನ್ನೆ. ಹೊಳೆ ಇಳಿಯಲಿ, ಶಾಖೆಗೆ ಹೋಗಿ ಹೇಳಿದರಾಯಿತು ಎಂದು ಗುರುವಾರದವರೆಗೆ ಕುಳಿತರೆ 10,000 ರೂಪಾಯಿ ಕೈಬಿಟ್ಟಂತೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಗಾದೆ ಇಂಥದಕ್ಕೇ ಹುಟ್ಟಿದ್ದು.

ಆದರೆ ತಿಳಿಸಲು ಅವನು ಹೊಳೆ ದಾಟಬೇಕಾಗಿಯೇ ಇಲ್ಲ. ಹಗಲು ರಾತ್ರಿ ಯಾವಾಗಲಾದರೂ ದೂರವಾಣಿ, ಸಂದೇಶ ಮೊದಲಾದ ಹಲವು ಬಗೆಯಲ್ಲಿ ದೂರು ಸ್ವೀಕರಿಸುವ ವ್ಯವಸ್ಥೆ ಬ್ಯಾಂಕಿನಲ್ಲಿರಬೇಕೆಂದು ಅದೇ ಸುತ್ತೋಲೆ ಹೇಳಿತು. ಒಂದು ಕರೆ, ಒಂದು ದೂರಿನ ಸಂಖ್ಯೆ, ಅಷ್ಟೇ ಸಾಕು. ಹಣವನ್ನು ಕಾಯುವುದು ಮುಖ್ಯವಾಗಿ ಈ ಕರೆಯೇ ಹೊರತು ಶುಲ್ಕ ತೆತ್ತ ರಸೀತಿಯಲ್ಲ.

ಹಾಗಾದರೆ ಶುಲ್ಕದ ಯೋಜನೆಯಲ್ಲಿ ಏನಿದೆ? ಸಾಮಾನ್ಯವಾಗಿ ಮೂರು ಸೌಲಭ್ಯ: ಒಂದೇ ಕರೆಗೆ ಎಲ್ಲ ಕಾರ್ಡುಗಳನ್ನೂ ನಿಲ್ಲಿಸುವುದು, ಪರವೂರಿನಲ್ಲಿ ಹಣದ ಚೀಲ ಕಳೆದರೆ ತುರ್ತು ನೆರವು, ಕಳವಾದ ಹಣಕ್ಕೆ ಒಂದು ಮಿತಿಯವರೆಗೆ ಪರಿಹಾರ. ವರ್ಷಕ್ಕೆ 1,500 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಹತ್ತು ವರ್ಷಕ್ಕೆ 15,000 ಆಯಿತು. ಸೋಮಾರಿತನದಿಂದ ಐದನೆಯ ದಿನ ತಿಳಿಸಿದವನೂ ಒಮ್ಮೆಗೆ ತೆರಬೇಕಾದದ್ದು 10,000ಕ್ಕಿಂತ ಹೆಚ್ಚಲ್ಲ.

ಇಂಗ್ಲೆಂಡಿನ ಅನುಭವ ಇಲ್ಲಿ ಗಮನಾರ್ಹ. ಅಲ್ಲಿ ‘ಕಾರ್ಡ್ ಪ್ರೊಟೆಕ್ಷನ್ ಪ್ಲಾನ್’ ಎಂಬ ಸಂಸ್ಥೆ 1 ಲಕ್ಷ ಪೌಂಡಿನವರೆಗೆ ರಕ್ಷಣೆ ಎಂದು ಹೇಳಿ ಇಂಥ ಯೋಜನೆಯನ್ನು ಮಾರಿತು. ಗ್ರಾಹಕರಿಗೆ ಆ ರಕ್ಷಣೆ ಅವರ ಬ್ಯಾಂಕುಗಳಿಂದಲೇ ದೊರೆತಿತ್ತು. 2012ರ ನವೆಂಬರಿನಲ್ಲಿ ಅಲ್ಲಿನ ಹಣಕಾಸು ನಿಯಂತ್ರಕರು ಸಂಸ್ಥೆಗೆ 1 ಕೋಟಿ 5 ಲಕ್ಷ ಪೌಂಡು ದಂಡ ವಿಧಿಸಿದರು. 2013ರಲ್ಲಿ ಆ ಸಂಸ್ಥೆಯೂ 13 ಬ್ಯಾಂಕು ಮತ್ತು ಕಾರ್ಡು ಸಂಸ್ಥೆಗಳೂ ಸುಮಾರು 70 ಲಕ್ಷ ಗ್ರಾಹಕರಿಗಾಗಿ 130 ಕೋಟಿ ಪೌಂಡಿನವರೆಗಿನ ಪರಿಹಾರ ಯೋಜನೆಗೆ ಒಪ್ಪಬೇಕಾಯಿತು. ಇದ್ದ ಬೇಲಿಗೇ ಮತ್ತೆ ಬೇಲಿ ಮಾರಿದ ಕಥೆ ಇದು.

ಹಾಗೆಂದು ಎಲ್ಲರಿಗೂ ಇದು ಬೇಡವೆಂದು ನಾವು ಹೇಳುವುದಿಲ್ಲ. ನಾಲ್ಕಾರು ಕಾರ್ಡು ಇಟ್ಟುಕೊಂಡು ಪರವೂರು, ಪರದೇಶ ತಿರುಗುವವರಿಗೆ ಒಂದೇ ಕರೆಯ ಅನುಕೂಲ ಬೆಲೆಯುಳ್ಳದ್ದೇ. ಒಂದೋ ಎರಡೋ ಕಾರ್ಡಿನ ಬೆಳೆಗಾರನಿಗೆ ಪರೀಕ್ಷೆ ಒಂದೇ: ಪುಕ್ಕಟೆ ರಕ್ಷಣೆ ಎಲ್ಲಿ ಇಲ್ಲವೋ ಅಲ್ಲಿ ಈ ಯೋಜನೆ ಇದೆಯೇ? ಮೋಸಕ್ಕೆ ಸಿಕ್ಕಿ ತಾನೇ ಒಟಿಪಿ ಹೇಳಿದರೆ ಹಣ ಕೊಡುತ್ತದೆಯೇ, ಎಷ್ಟು ಕೊಡುತ್ತದೆ, ಯುಪಿಐ ಮೂಲಕ ಹೋದ ಹಣವೂ ಸೇರಿದೆಯೇ ಎಂದು ಕೇಳಿರಿ. ಉತ್ತರ ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿರಲಿ. ಇಲ್ಲ ಎಂದಾದರೆ ಆ ಹಣವನ್ನು ತೋಟದ ಗೊಬ್ಬರಕ್ಕೆ ಹಾಕುವುದೇ ಲೇಸು.

ಇಂಥ ವಿಮೆ ಗ್ರಾಹಕನ ಇಚ್ಛೆಗೆ ಬಿಟ್ಟದ್ದು, ಅವನ ಸ್ಪಷ್ಟ ಒಪ್ಪಿಗೆ ಪಡೆಯಲೇಬೇಕು ಎಂದು ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 21ರ ನಿರ್ದೇಶನದಲ್ಲಿ ಕಾರ್ಡು ನೀಡುವವರಿಗೆ ತಿಳಿಸಿತು. ಆದ್ದರಿಂದ ಕೇಳದೆ ಶುಲ್ಕ ಕಡಿತವಾಗಿದೆಯೇ ಎಂದು ಪಾಸ್ ಪುಸ್ತಕವನ್ನು ಒಮ್ಮೆ ಪರಿಶೀಲಿಸಿರಿ. ಜನಧನ ಖಾತೆಯ ರುಪೇ ಕಾರ್ಡಿನೊಡನೆ ಬರುವ ವಿಮೆ ಅಪಘಾತಕ್ಕೆ ಸಂಬಂಧಿಸಿದ್ದು. ಅದನ್ನು ಕಳವಿನ ರಕ್ಷಣೆಯೆಂದು ಭಾವಿಸಬಾರದು.

ಖರ್ಚಿಲ್ಲದ ಕಾವಲನ್ನು ಇಂದೇ ಮಾಡಿಕೊಳ್ಳಬಹುದು. ಬಳಸದಿದ್ದರೆ ಕಾರ್ಡಿನ ಆನ್‌ಲೈನ್ ಮತ್ತು ವಿದೇಶಿ ವ್ಯವಹಾರವನ್ನು ಮುಚ್ಚಿಸಿರಿ. ದಿನದ ಮಿತಿಯನ್ನು ತಗ್ಗಿಸಿರಿ. ಮೊಬೈಲ್ ಸಂಖ್ಯೆ ಬದಲಾಗಿದ್ದರೆ ಬ್ಯಾಂಕಿಗೆ ತಿಳಿಸಿರಿ. ಮೋಸವಾದೊಡನೆ ಬ್ಯಾಂಕಿಗೂ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿರಿ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಬ್ಯಾಂಕಿನ ದೂರು ಸಂಖ್ಯೆಯನ್ನು ಕಾರ್ಡಿನ ಹಿಂಬದಿಯಿಂದ ನೋಡಿ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿರಿ. ಕಾರ್ಡು ಕಳೆದಾಗ ಅದರ ಹಿಂದಿನ ಸಂಖ್ಯೆಯೂ ಕಳೆದಿರುತ್ತದೆ.