ಹೇರು ಹೊರುವ ಕಮಾನು

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿ, ರಾಣೆಬೆನ್ನೂರುಗಳ ನಡುವೆ ಇರುವ ಮೋಟೆಬೆನ್ನೂರು, ಹುತಾತ್ಮ ಮೈಲಾರ ಮಹದೇವಪ್ಪನವರ ಊರೆಂದು ನಾಡಿಗೆಲ್ಲ ಪರಿಚಿತವಾದುದು. ಲಾರಿಯವರ ಪಾಲಿಗಾದರೋ ಅದು ಬ್ಯಾಡಗಿಯ ಪೇಟೆಗೆ ಹೊರಳುವ ದಾರಿ. ಮೆಣಸಿನಕಾಯಿಯ ಸುಗ್ಗಿ ಬಂದಿತೆಂದರೆ, ಚೀಲಗಳನ್ನು ಗೋಪುರದಂತೆ ಪೇರಿಸಿಕೊಂಡ ಲಾರಿಗಳೂ ಟ್ರ್ಯಾಕ್ಟರುಗಳೂ ಇಲ್ಲಿ ಓಲಾಡುತ್ತ ಸಾಗುತ್ತವೆ. ಅವುಗಳ ಹಿಂದೆ ಕಾರಿನಲ್ಲಿ ಬರುವವರಿಗೆ ಒಂದು ಪ್ರಶ್ನೆ ಹೊಳೆಯದಿರದು: ಇಷ್ಟು ಹೇರನ್ನು ಹೊತ್ತಿರುವುದಾದರೂ ಯಾವುದು? ಅದು ಎಷ್ಟನ್ನು ಹೊತ್ತೀತು?

ಬಾಗುವುದೇ ಬಲ

ಹೊತ್ತಿರುವುದು ಕಮಾನು. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬಿಗಿದ ಈ ಕಟ್ಟು ಅಚ್ಚಿಗೂ ಗಾಡಿಯ ಚೌಕಟ್ಟಿಗೂ ನಡುವೆ ಇರುತ್ತದೆ. 1804ರಲ್ಲಿ ಇಂಗ್ಲೆಂಡಿನ ಒಬದಯ್ಯ ಎಲಿಯಟ್ ಕುದುರೆಗಾಡಿಗೆಂದು ರೂಪಿಸಿದ ಕಮಾನಿನ ವಂಶವೇ ಇದು. 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರ್ ಕಾರಿನ ಹಿಂಗಾಲಿಗಳಿಗೂ ಇದೇ ಆಸರೆಯಾಗಿತ್ತು. ಇಂದಿನ ಕಾರುಗಳಲ್ಲಿ ಇದರ ಸ್ಥಾನಕ್ಕೆ ಹೆಚ್ಚಾಗಿ ಸುರುಳಿ ಸ್ಪ್ರಿಂಗು ಬಂದಿದೆ.

ಭಾರ ಇಮ್ಮಡಿಸಿದರೆ ಸ್ಪ್ರಿಂಗಿನ ಬಾಗೂ ಇಮ್ಮಡಿಸುವುದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಬಾಗಲು ಎಡೆಯಿರುವ ತನಕ ಮಾತ್ರ ಸ್ಪ್ರಿಂಗು ರಸ್ತೆಯ ಗುಂಡಿಯನ್ನು ನುಂಗಬಲ್ಲದು. ಆ ಎಡೆಯನ್ನೆಲ್ಲ ಹೇರೇ ಕಬಳಿಸಿದರೆ ಗುಂಡಿಯ ಪೆಟ್ಟು ನೇರವಾಗಿ ಚೌಕಟ್ಟಿಗೆ ತಾಗುತ್ತದೆ. ಬಾಗಿದ ಸ್ಪ್ರಿಂಗು ಮತ್ತೆ ಮತ್ತೆ ಪುಟಿಯದಂತೆ ತಡೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದನ್ನು ಹೊಂದಿಸಿರುವುದು ಗೊತ್ತಾದ ತೂಕಕ್ಕೆ. ತೂಕ ಮೀರಿದರೆ ಗಾಡಿ ತೊಟ್ಟಿಲಿನಂತೆ ತೂಗತೊಡಗುತ್ತದೆ.

ಹೇರಿನ ಬಗೆಯನ್ನೂ ನೋಡಬೇಕು. ಈ ಸೀಮೆಯ ಇನ್ನೊಂದು ಬೆಳೆಯಾದ ಗೋವಿನಜೋಳ ತೂಕದ ಸರಕು. ಗಾಡಿ ತುಂಬುವ ಮುನ್ನವೇ ಕಮಾನು ಚಪ್ಪಟೆಯಾಗುತ್ತದೆ. ಒಣಮೆಣಸಿನಕಾಯಿ ಹಗುರವಾದುದರಿಂದ ತೂಕದ ಮಿತಿ ಮುಟ್ಟುವ ಮುನ್ನವೇ ಎತ್ತರ ಮಿತಿಮೀರುತ್ತದೆ. ಮೊದಲನೆಯದರಿಂದ ಕಮಾನಿಗೆ ಅಪಾಯ; ಎರಡನೆಯದರಿಂದ ತಿರುವಿನಲ್ಲಿ ಗಾಡಿ ಮಗುಚುವ ಅಪಾಯ.

ನೊಗದ ಪಾಠ

ಚಕ್ಕಡಿ ಹೂಡಿದ ರೈತನಿಗೆ ಈ ಶಾಸ್ತ್ರ ಹೊಸದಲ್ಲ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಅದುಮುತ್ತದೆ. ಹಿಂಭಾರವಾದರೆ ನೊಗವೇ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಕಾರಿಗೆ ಟ್ರೇಲರು ಕಟ್ಟಿ ಎಳೆಯುವಾಗಲೂ ಇದೇ ನ್ಯಾಯ. ಟ್ರೇಲರಿನ ಒಟ್ಟು ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕೊಂಡಿಯ ಮೇಲೆ ಕುಳಿತರೆ ಹಿತ. ಭಾರವೆಲ್ಲ ಹಿಂದಕ್ಕೆ ಸರಿದಿದ್ದರೆ, ವೇಗ ಏರಿದಂತೆ ಟ್ರೇಲರು ಹಾವಿನ ಬಾಲದಂತೆ ಅತ್ತಿತ್ತ ಹೊಯ್ದಾಡಿ ಕಾರನ್ನೂ ಎಳೆದಾಡುತ್ತದೆ.

ಕೊಂಡಿಯ ಭಾರಕ್ಕೂ ಮಿತಿಯುಂಟು. ಮುಂದಿನ ಹಿಂದಿನ ಅಚ್ಚುಗಳ ನಡುವೆ ಎರಡೂವರೆ ಮೀಟರು ಅಂತರವಿದ್ದು, ಹಿಂದಿನ ಅಚ್ಚಿನಿಂದ ಒಂದು ಮೀಟರು ಆಚೆಗೆ ಕೊಂಡಿ ಇದೆಯೆನ್ನಿ. ಅಲ್ಲಿ 100 ಕಿಲೋ ಕುಳಿತರೆ ಹಿಂದಿನ ಅಚ್ಚಿಗೆ ಬೀಳುವುದು 140 ಕಿಲೋ. ಮುಂದಿನ ಅಚ್ಚು 40 ಕಿಲೋ ಹಗುರವಾಗುತ್ತದೆ. ಏತದ ಒಂದು ತುದಿ ತಗ್ಗಿದರೆ ಇನ್ನೊಂದು ಏಳುವಂತೆಯೇ ಇದು. ಕಾರನ್ನು ತಿರುಗಿಸುವುದೂ, ಬ್ರೇಕಿನ ಹೆಚ್ಚಿನ ಪಾಲನ್ನು ಹೊರುವುದೂ ಮುಂಗಾಲಿಗಳೇ ಅಲ್ಲವೆ? ಅವುಗಳ ಹಿಡಿತವೇ ಸಡಿಲಿದಂತಾಯಿತು. ಮೇಲಾಗಿ, ದೀಪದ ಬೆಳಕು ಮೇಲಕ್ಕೆದ್ದು ಎದುರು ಬರುವವರ ಕಣ್ಣು ಕುಕ್ಕುತ್ತದೆ.

ಪಟ್ಟಿ ಸೇರಿಸಿದರೆ ಸಾಕೆ?

ಕಮಾನಿಗೆ ಇನ್ನೆರಡು ಪಟ್ಟಿ ಸೇರಿಸಿದರಾಯಿತೆಂಬ ಉಪಾಯವುಂಟು. 1955ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯು ಹೊರತಂದ ಡಿ.ಎಸ್. ಕಾರು, ಎಷ್ಟೇ ಜನ ಕುಳಿತರೂ ಎಣ್ಣೆ ಮತ್ತು ಅನಿಲದ ಒತ್ತಡದಿಂದ ತನ್ನ ಮೈಯನ್ನು ಸಮತಟ್ಟಾಗಿ ನಿಲ್ಲಿಸಿಕೊಳ್ಳುತ್ತಿತ್ತು. ಇಂದು ಗಾಳಿಚೀಲದ ಸ್ಪ್ರಿಂಗುಗಳೂ ಇವೆ. ಆದರೆ ಗಾಡಿ ಸಮತಟ್ಟಾಗಿ ಕಂಡ ಮಾತ್ರಕ್ಕೆ ಹೇರು ಕಡಿಮೆಯಾಗುವುದಿಲ್ಲ. ಟೈರು, ಅಚ್ಚು, ಬ್ರೇಕುಗಳಿಗೆ ಮೊದಲಿನ ಮಿತಿಯೇ ಉಳಿದಿರುತ್ತದೆ. ಬಾಗಿದ ಕಮಾನು ಎಚ್ಚರಿಕೆಯನ್ನಾದರೂ ಕೊಡುತ್ತಿತ್ತು. ಪಟ್ಟಿ ಸೇರಿದ ಮೇಲೆ ಆ ಎಚ್ಚರಿಕೆಯೂ ಇಲ್ಲ.

ರಸ್ತೆಯೂ ಇದರ ಬೆಲೆ ತೆರುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿ ನಡೆಸಿದ ಪರೀಕ್ಷೆಯಿಂದ ಹೊರಟ ಲೆಕ್ಕದಂತೆ, ಅಚ್ಚಿನ ಭಾರ ಶೇಕಡಾ 20 ಹೆಚ್ಚಿದರೆ ರಸ್ತೆಯ ಸವೆತ ಸುಮಾರು ಇಮ್ಮಡಿಯಾಗುತ್ತದೆ. ನಮ್ಮ ದೇಶದಲ್ಲಿ ನಾಲ್ಕು ಗಾಲಿಗಳ ಒಂಟಿ ಅಚ್ಚಿನ ಮಿತಿಯನ್ನು 2018ರಲ್ಲಿ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. 2019ರ ತಿದ್ದುಪಡಿಯು ಮಿತಿಮೀರಿದ ಹೇರಿಗೆ 20,000 ರೂಪಾಯಿ ದಂಡವನ್ನೂ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿಯನ್ನೂ ವಿಧಿಸಿತು.

ಲಾರಿಯನ್ನು ತೂಗಲು ತೂಕಸೇತುವೆಯಿದೆ. ಮದುವೆಗೆ ಹೊರಟ ಮನೆಯವರ ಕಾರನ್ನು ತೂಗುವವರು ಯಾರು? ಕಾರು ಹೊರಬಲ್ಲ ಭಾರ 400 ಕಿಲೋ ಎಂದಿಟ್ಟುಕೊಂಡರೂ, ತಲಾ 65 ಕಿಲೋ ತೂಗುವ ಐವರು ಕುಳಿತಾಗ ಉಳಿಯುವುದು 75 ಕಿಲೋ ಮಾತ್ರ. ಪೆಟ್ಟಿಗೆ, ಪಾತ್ರೆ, ಬ್ಯಾಡಗಿಯಲ್ಲಿ ಕೊಂಡ ವರ್ಷದ ಮೆಣಸಿನಕಾಯಿ ಎಲ್ಲವೂ ಅದರೊಳಗೇ ಆಗಬೇಕು. ಹೊರಡುವ ಮುನ್ನ ಕಾರಿನ ಕೈಪಿಡಿಯಲ್ಲಿ ತೂಕದ ಮಿತಿಯನ್ನು ನೋಡಿಕೊಳ್ಳುವುದು, ಟೈರುಗಳಿಗೆ ಪೂರ್ಣಹೇರಿಗೆ ತಕ್ಕಷ್ಟು ಗಾಳಿ ತುಂಬಿಸುವುದು, ತೂಕದ ಗಂಟುಗಳನ್ನು ಮಾಳಿಗೆಯ ಮೇಲೇರಿಸದೆ ಕೆಳಗೆ, ಸೀಟಿನ ಬೆನ್ನಿಗೆ ಒತ್ತಿ ಇಡುವುದು ಒಳ್ಳೆಯದು. ಇದಕ್ಕೆ ಹಿಡಿಯುವುದು ಹತ್ತು ನಿಮಿಷ. ಎತ್ತು ಬಳಲಿದರೆ ನಿಂತುಬಿಡುತ್ತದೆ. ಕಾರಿಗೆ ನಿಲ್ಲುವುದು ತಿಳಿಯದು. ಅದರ ಪರವಾಗಿ ತಿಳಿದುಕೊಳ್ಳಬೇಕಾದವರು ಅದನ್ನು ಓಡಿಸುವವರೇ.