ಡ್ರೈವರ್ ನವೀಕರಣ: ಯಾವಾಗ ಮಾಡಬೇಕು, ಯಾವಾಗ ತಡೆಯಬೇಕು?

ಪ್ರಿಂಟರ್, ಬಾರ್‌ಕೋಡ್ ಸ್ಕ್ಯಾನರ್, ತೂಕದ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಮುಂತಾದ ಉಪಕರಣಗಳಿಗೂ ಗಣಕಯಂತ್ರದ ವಿಂಡೋಸ್‌ಗೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ಚಿಕ್ಕ ತಂತ್ರಾಂಶಕ್ಕೆ ‘ಡ್ರೈವರ್’ ಎಂದು ಹೆಸರು. ಅದು ಸರಿಯಾಗಿ ನಡೆಯುವವರೆಗೆ ನಾವು ಅದರ ಇರುವಿಕೆಯನ್ನೇ ಗಮನಿಸುವುದಿಲ್ಲ. ಕೆಟ್ಟ ದಿನ ವ್ಯವಹಾರವೇ ನಿಲ್ಲುತ್ತದೆ.

ನಮ್ಮ ಕಕ್ಷಿದಾರ ಕಂಪನಿಯೊಂದರ ಲೆಕ್ಕಿಗರು ಒಂದು ತಿಂಗಳ 11ನೆಯ ತಾರೀಖಿನಂದು, ಪರದೆಯ ಮೇಲೆ ಬಂದ ಸೂಚನೆಯನ್ನು ಒಪ್ಪಿ ಎಲ್ಲ ಡ್ರೈವರ್‌ಗಳನ್ನೂ ನವೀಕರಿಸಿದರು. ಮಧ್ಯಾಹ್ನ ಜಿಎಸ್‌ಟಿಆರ್-1 ಸಲ್ಲಿಸಲು ಕುಳಿತಾಗ ಸಹಿಯ ಟೋಕನ್ನನ್ನು ಯಂತ್ರ ಗುರುತಿಸಲೇ ಇಲ್ಲ. ರಿಟರ್ನ್ ಸಲ್ಲಿಕೆಯಾದದ್ದು 12ರಂದು. ವಿಳಂಬ ಶುಲ್ಕ ಅತ್ಯಲ್ಪ. ಆದರೆ 11ರ ನಂತರ ಸಲ್ಲಿಸಿದ ಬಿಲ್ಲುಗಳು ಖರೀದಿದಾರರ ಆ ತಿಂಗಳ ಜಿಎಸ್‌ಟಿಆರ್-2ಬಿಯಲ್ಲಿ ಬರುವುದಿಲ್ಲ; ಅವರಿಗೆ ಇನ್‌ಪುಟ್ ತೆರಿಗೆಯ ಜಮೆ ಒಂದು ತಿಂಗಳು ಮುಂದೆ ಹೋಗುತ್ತದೆ. ದೊಡ್ಡ ಖರೀದಿದಾರರೊಬ್ಬರು ತೆರಿಗೆಯಷ್ಟು ಹಣವನ್ನು ತಡೆಹಿಡಿದೇಬಿಟ್ಟರು. ಒಂದು ಗುಂಡಿ ಒತ್ತಿದ್ದರ ಬೆಲೆ ಇದು.

ಹಾಗೆಂದು ನವೀಕರಣವೇ ಬೇಡವೆನ್ನುವುದೂ ಸರಿಯಲ್ಲ. ಈ ಕೆಳಗಿನ ಮೂರು ಕಾರಣಗಳಲ್ಲಿ ಒಂದಾದರೂ ಇದ್ದಾಗ ನವೀಕರಿಸುವುದು ಉಚಿತ.

1. ಉಪಕರಣದಲ್ಲಿ ತೊಂದರೆಯಿದ್ದು, ಹೊಸ ಡ್ರೈವರ್‌ನ ವಿವರಣೆಯಲ್ಲಿ ಅದೇ ತೊಂದರೆಗೆ ಪರಿಹಾರವಿದೆಯೆಂದು ತಯಾರಕರು ತಿಳಿಸಿದ್ದರೆ.

2. ಭದ್ರತಾ ದೋಷ ಪ್ರಕಟವಾಗಿದ್ದರೆ. ಕೆಲವು ಹೆಸರಾಂತ ಪ್ರಿಂಟರ್‌ಗಳ ಡ್ರೈವರ್‌ನಲ್ಲಿ 2005ರಿಂದಲೂ ಅಡಗಿದ್ದ ದೋಷವೊಂದು 2021ರಲ್ಲಿ ಬೆಳಕಿಗೆ ಬಂದಿತು. ಇಂಥ ನವೀಕರಣವನ್ನು ಮುಂದೂಡತಕ್ಕದ್ದಲ್ಲ.

3. ವಿಂಡೋಸ್ ಅಥವಾ ಯಂತ್ರವನ್ನೇ ಬದಲಿಸುತ್ತಿದ್ದರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇರುವುದು 64-ಬಿಟ್ ರೂಪದಲ್ಲಿ ಮಾತ್ರ. ಹಳೆಯ 32-ಬಿಟ್ ಡ್ರೈವರ್‌ಗಳು ಅದರಲ್ಲಿ ನಡೆಯುವುದಿಲ್ಲ. ಆದುದರಿಂದ ಹೊಸ ಯಂತ್ರ ಕೊಳ್ಳುವ ಮುನ್ನವೇ ನಮ್ಮ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೂ ಟೋಕನ್‌ಗೂ ತಕ್ಕ ಡ್ರೈವರ್ ದೊರೆಯುವುದೇ ಎಂದು ವಿಚಾರಿಸಿಕೊಳ್ಳಬೇಕು.

ಈ ಮೂರರಲ್ಲಿ ಯಾವುದೂ ಇಲ್ಲದಿದ್ದರೆ, ನೆಟ್ಟಗೆ ನಡೆಯುತ್ತಿರುವುದನ್ನು ಕೆದಕದಿರುವುದೇ ಲೇಸು. ವಿಂಡೋಸ್‌ನಲ್ಲಿ ‘ಐಚ್ಛಿಕ’ ಎಂದು ತೋರಿಸುವ ಡ್ರೈವರ್‌ಗಳು ಕಡ್ಡಾಯವಲ್ಲ.

ತೂಕದ ಯಂತ್ರ ಅಥವಾ ಸಿಎನ್‌ಸಿ ಯಂತ್ರವನ್ನು ಯುಎಸ್‌ಬಿ-ಸೀರಿಯಲ್ ಕೇಬಲ್‌ನಿಂದ ಜೋಡಿಸಿರುವ ಕೈಗಾರಿಕೋದ್ಯಮಿಗಳು ವಿಶೇಷ ಎಚ್ಚರ ವಹಿಸಬೇಕು. ಇಂಥ ಕೇಬಲ್‌ಗಳಿಗೆ ಚಿಪ್ ತಯಾರಿಸುವ ಎಫ್‌ಟಿಡಿಐ ಸಂಸ್ಥೆಯ ಹೊಸ ಡ್ರೈವರ್ 2014ರ ಅಕ್ಟೋಬರ್‌ನಲ್ಲಿ ವಿಂಡೋಸ್ ನವೀಕರಣದ ಮೂಲಕವೇ ಬಂದು, ನಕಲಿ ಚಿಪ್‌ಗಳ ಗುರುತುಸಂಖ್ಯೆಯನ್ನು ಸೊನ್ನೆ ಮಾಡಿ ನಿಷ್ಕ್ರಿಯಗೊಳಿಸಿತು. ವಿರೋಧ ಬಂದ ಮೇಲೆ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅಗ್ಗದ ಕೇಬಲ್ ಕೊಂಡವರಿಗೆ ತಮ್ಮಲ್ಲಿರುವುದು ನಕಲಿಯೆಂಬ ಅರಿವೇ ಇರುವುದಿಲ್ಲ. ಇಂಥ ಯಂತ್ರಕ್ಕೆ ಒಂದು ಅಸಲಿ ಕೇಬಲ್ಲನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು ವಿವೇಕ.

ಇನ್ನು ಸಮಯದ ವಿಚಾರ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ; ತಿಂಗಳ ಕೊನೆಗೆ ಬಿಲ್ಲಿಂಗ್ ಮತ್ತು ದಾಸ್ತಾನಿನ ಲೆಕ್ಕ. ಹೀಗಾಗಿ 21ರಿಂದ 25ರೊಳಗಿನ ದಿನಗಳು ಪ್ರಶಸ್ತ. ಮಾರ್ಚ್ ತಿಂಗಳಲ್ಲಿ ಮಾಡದಿರುವುದೇ ಒಳಿತು. ಅಲ್ಲಿಯವರೆಗೆ ನವೀಕರಣಗಳನ್ನು ಕೆಲವು ವಾರ ತಡೆಹಿಡಿಯುವ ಸೌಲಭ್ಯ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿಯೇ ಇದೆ. ಆದರೆ ಅದು ಭದ್ರತಾ ನವೀಕರಣಗಳನ್ನೂ ತಡೆಯುವುದರಿಂದ ಹೆಚ್ಚು ದಿನ ಹಾಗೆಯೇ ಬಿಡಬಾರದು.

ನವೀಕರಣದ ಮುನ್ನ ಡಿವೈಸ್ ಮ್ಯಾನೇಜರ್‌ನಲ್ಲಿ ಈಗಿನ ಡ್ರೈವರ್‌ನ ಆವೃತ್ತಿ ಮತ್ತು ದಿನಾಂಕ ಬರೆದಿಟ್ಟುಕೊಳ್ಳಿ. ಲೆಕ್ಕಪತ್ರಗಳ ಬ್ಯಾಕಪ್ ತೆಗೆದು, ‘ರಿಸ್ಟೋರ್ ಪಾಯಿಂಟ್’ ರಚಿಸಿ. ಡ್ರೈವರನ್ನು ತಯಾರಕರ ಜಾಲತಾಣ ಅಥವಾ ವಿಂಡೋಸ್ ನವೀಕರಣದಿಂದ ಮಾತ್ರ ಪಡೆಯಿರಿ. ‘ಎಲ್ಲ ಡ್ರೈವರ್‌ಗಳನ್ನೂ ಸರಿಪಡಿಸುತ್ತೇವೆ’ ಎನ್ನುವ ಜಾಹೀರಾತಿನ ತಂತ್ರಾಂಶಗಳ ಗೊಡವೆ ಬೇಡ. ತೊಂದರೆಯಾದರೆ ‘ರೋಲ್ ಬ್ಯಾಕ್ ಡ್ರೈವರ್’ ಗುಂಡಿಯಿಂದ ಹಿಂದಿನದಕ್ಕೆ ಮರಳಬಹುದು. ಪ್ರಿಂಟರ್‌ಗಳಿಗೆ ಈ ಸೌಲಭ್ಯ ಸಾಮಾನ್ಯವಾಗಿ ದೊರೆಯದ ಕಾರಣ, ಹಳೆಯ ಡ್ರೈವರ್‌ನ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಕಾಪಾಡಿಕೊಳ್ಳತಕ್ಕದ್ದು.

ಹಲವು ಯಂತ್ರಗಳಿದ್ದರೆ ಮೊದಲು ಒಂದರಲ್ಲಿ ಮಾಡಿ, ಎರಡು ದಿನ ಬಿಲ್ಲು ಮುದ್ರಿಸಿ, ಸಹಿ ಹಾಕಿ ನೋಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಯುಕ್ತ ನವೀಕರಣವೊಂದು ಎಲ್ಲೆಡೆ ಏಕಕಾಲಕ್ಕೆ ಹೋದದ್ದರಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು ಸ್ಥಗಿತಗೊಂಡವು. ಆ ತಂತ್ರಾಂಶವೂ ಡ್ರೈವರ್‌ನಂತೆಯೇ ವಿಂಡೋಸ್‌ನ ಒಳಪದರದಲ್ಲಿ ಕೆಲಸ ಮಾಡುವಂಥದು.

ಸ್ಥಿರಾಸ್ತಿಗಳ ವಹಿಯಲ್ಲಿ ಪ್ರತಿ ಯಂತ್ರದ ಮುಂದೆ ಡ್ರೈವರ್ ಆವೃತ್ತಿ, ನವೀಕರಿಸಿದ ದಿನಾಂಕ ಮತ್ತು ಕಾರಣ ಎಂಬ ಮೂರು ಕಲಮುಗಳನ್ನು ಸೇರಿಸಿಕೊಳ್ಳಿ. ಕಾರಣದ ಕಲಮಿನಲ್ಲಿ ಬರೆಯಲು ಏನೂ ತೋಚದಿದ್ದರೆ, ಆ ನವೀಕರಣವನ್ನು ಸದ್ಯಕ್ಕೆ ಬಿಟ್ಟುಬಿಡಬಹುದೆಂದೇ ತಿಳಿಯಿರಿ.