ಮುರಿದ ಮೂಳೆ ಕೂಡುತ್ತದೆ, ಸವೆದ ಮಂಡಿ ಏಕೆ ಕೂಡದು?

ಸಭಾಗೃಹ ಎರಡನೆಯ ಮಹಡಿಯಲ್ಲಿದೆ ಎಂದೊಡನೆ ಕಾರ್ಯಕ್ರಮಕ್ಕೆ ಬರಲು ಹಿಂಜರಿಯುವ ಹಿರಿಯರು ನಮ್ಮ ಅನೇಕ ಕುಟುಂಬಗಳಲ್ಲಿದ್ದಾರೆ. ‘ಮಂಡಿ ಸವೆದಿದೆ’ ಎಂಬುದು ಅವರು ಹೇಳುವ ಕಾರಣ. ಜಾರಿ ಬಿದ್ದು ಮುರಿದ ಕೈಮೂಳೆಗೆ ಕಟ್ಟು ಹಾಕಿದರೆ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಆದರೆ ಸವೆದ ಮಂಡಿ ವರ್ಷಗಳು ಉರುಳಿದರೂ ಮೊದಲಿನಂತಾಗುವುದಿಲ್ಲ. ಒಂದೇ ದೇಹದಲ್ಲಿ ಈ ಭೇದವೇಕೆ? ಇದಕ್ಕೆ ಉತ್ತರ ಮೃದ್ವಸ್ಥಿಯೆಂಬ ಅಂಗಾಂಶದಲ್ಲಿ, ಅದರೊಳಗೆ ವಾಸಿಸುವ ಜೀವಕೋಶಗಳ ಬದುಕಿನಲ್ಲಿ ಅಡಗಿದೆ.

ಹೊರಕಿವಿಯನ್ನು ಮಡಿಸಿ ಬಿಟ್ಟರೆ ಅದು ಮತ್ತೆ ನೆಟ್ಟಗಾಗುವುದು ಮೃದ್ವಸ್ಥಿಯ ಗುಣದಿಂದ. ಮೂಗಿನ ತುದಿ, ಶ್ವಾಸನಾಳದ ಉಂಗುರಗಳು, ಪಕ್ಕೆಲುಬುಗಳ ಮುಂಭಾಗ ಇವೆಲ್ಲವೂ ಮೃದ್ವಸ್ಥಿಯಿಂದಲೇ ಆದವು. ಕೀಲುಗಳಲ್ಲಿ ಇದು ಮೂಳೆಗಳ ತುದಿಗೆ ಹೊದಿಸಿದ ನುಣುಪಾದ ಪದರವಾಗಿರುತ್ತದೆ. ಮಂಡಿಯಲ್ಲಿ ಇದರ ದಪ್ಪ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಮಾತ್ರ. ಇದರ ತೂಕದ ಶೇಕಡ 65ರಿಂದ 80ರಷ್ಟು ನೀರು. ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳು ಬಲೆಯಂತೆ ಹೆಣೆದುಕೊಂಡಿದ್ದು, ನಡುವೆ ಸಿಲುಕಿರುವ ಅಗ್ರಿಕ್ಯಾನ್ ಎಂಬ ಬೃಹತ್ ಅಣುಗಳು ನೀರನ್ನು ಹಿಡಿದಿಡುತ್ತವೆ. ನಾವು ಹೆಜ್ಜೆ ಊರಿದಾಗ ಸ್ವಲ್ಪ ನೀರು ಹೊರಗೆ ಜಿನುಗುತ್ತದೆ, ಹೆಜ್ಜೆ ಎತ್ತಿದಾಗ ಮರಳಿ ಒಳಸೇರುತ್ತದೆ.

ಈ ಬಲೆಯನ್ನು ನೇಯ್ದು ಕಾಪಾಡುವ ಕೋಶಗಳಿಗೆ ವೈದ್ಯಶಾಸ್ತ್ರದಲ್ಲಿ ಕಾಂಡ್ರೊಸೈಟ್ ಎಂದು ಹೆಸರು. ವಯಸ್ಕರ ಮೃದ್ವಸ್ಥಿಯಲ್ಲಿ ಇವು ಆಕ್ರಮಿಸಿರುವ ಜಾಗ ಶೇಕಡ 5ಕ್ಕಿಂತಲೂ ಕಡಿಮೆ. ಪ್ರತಿಯೊಂದು ಕೋಶವೂ ತಾನೇ ಕಟ್ಟಿದ ಪುಟ್ಟ ಗೂಡಿನಲ್ಲಿ ಬಂದಿಯಾಗಿರುತ್ತದೆ. ಅಲ್ಲಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಕೀಲಿನ ದ್ರವದಿಂದ ಇಂಗಿ ಬರುವ ಅಲ್ಪ ಆಹಾರ ಮತ್ತು ಅತ್ಯಲ್ಪ ಆಮ್ಲಜನಕದಿಂದಲೇ ಅವು ದಶಕಗಳ ಕಾಲ ಬದುಕುತ್ತವೆ.

ಚರ್ಮ ಕುಯ್ದರೆ ರಕ್ತ ಒಸರಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಗೆ ದುರಸ್ತಿಯ ಕೋಶಗಳು ಬಂದು ಸೇರುತ್ತವೆ. ಮೃದ್ವಸ್ಥಿಯಲ್ಲಿ ಗಾಯವಾದರೆ ರಕ್ತವೇ ಬರುವುದಿಲ್ಲವಾದುದರಿಂದ ದುರಸ್ತಿಯ ಕಾರ್ಯ ಆರಂಭವೇ ಆಗದು. ಗೂಡಿನಲ್ಲಿರುವ ಕೋಶಗಳೂ ಗಾಯದತ್ತ ಸರಿದು ಬರಲಾರವು. ಒಮ್ಮೆ ನಾಶವಾದ ಮೃದ್ವಸ್ಥಿ ಮರಳಿ ಬೆಳೆಯದೆಂಬುದನ್ನು ವಿಲಿಯಂ ಹಂಟರ್ 1743ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮಂಡಿಸಿದ್ದನು. ನಮ್ಮ ಕಾಲದಲ್ಲಿ ಡೆನ್ಮಾರ್ಕಿನ ಸಂಶೋಧಕರು ಇದಕ್ಕೆ ವಿಶಿಷ್ಟವಾದ ಪುರಾವೆ ಒದಗಿಸಿದರು. ಅಣುಬಾಂಬ್ ಪರೀಕ್ಷೆಗಳಿಂದಾಗಿ 1950 ಮತ್ತು 60ರ ದಶಕಗಳಲ್ಲಿ ವಾಯುಮಂಡಲದಲ್ಲಿ ಇಂಗಾಲ-14ರ ಪ್ರಮಾಣ ಏರಿತ್ತು. ಅದರ ಗುರುತನ್ನು ಮಂಡಿಯ ಮೃದ್ವಸ್ಥಿಯಲ್ಲಿ ಅಳೆದು ನೋಡಿದಾಗ, ಅಲ್ಲಿಯ ಕೊಲ್ಯಾಜನ್ ಬೆಳೆಯುವ ವಯಸ್ಸಿನಲ್ಲಿ ರೂಪುಗೊಂಡುದೇ ಹೊರತು ಅನಂತರ ಬಹುತೇಕ ಹೊಸದಾಗುವುದಿಲ್ಲವೆಂದು 2016ರಲ್ಲಿ ಪ್ರಕಟವಾದ ಅವರ ಅಧ್ಯಯನ ತಿಳಿಸಿತು.

ಸೋಜಿಗದ ಸಂಗತಿಯೆಂದರೆ, ತನ್ನ ಗಾಯವನ್ನು ತಾನು ಮಾಯಿಸಿಕೊಳ್ಳಲಾರದ ಇದೇ ಬಗೆಯ ಕೋಶ ಮೂಳೆಯ ಗಾಯಕ್ಕೆ ದೊಡ್ಡ ಆಸರೆ. ಕಟ್ಟು ಹಾಕಿದ ಮೂಳೆಯ ಬಿರುಕಿನಲ್ಲಿ ರಕ್ತ ಹೆಪ್ಪುಗಟ್ಟಿದ ಬಳಿಕ, ಮೂಳೆಯ ಹೊರಪೊರೆಯಿಂದ ಬಂದ ಮೂಲಕೋಶಗಳು ಮೃದ್ವಸ್ಥಿ ಕೋಶಗಳಾಗಿ ಮಾರ್ಪಟ್ಟು ಒಂದು ಮೃದುವಾದ ಸೇತುವೆಯನ್ನು ಕಟ್ಟುತ್ತವೆ. ಕೆಲವು ವಾರಗಳಲ್ಲಿ ಆ ಕೋಶಗಳು ಉಬ್ಬಿ, ಸುತ್ತಲೂ ಸುಣ್ಣಾಂಶ ಸೇರಿ, ರಕ್ತನಾಳಗಳು ಒಳನುಗ್ಗಿ, ಸೇತುವೆಯ ಜಾಗದಲ್ಲಿ ಮೂಳೆ ರೂಪುಗೊಳ್ಳುತ್ತದೆ. ಮಕ್ಕಳು ಎತ್ತರವಾಗುವುದೂ ಮೂಳೆಗಳ ತುದಿಯ ಸಮೀಪವಿರುವ ಇಂತಹುದೇ ಮೃದ್ವಸ್ಥಿಯ ಪದರದಿಂದ.

ಈ ಸಾಮರ್ಥ್ಯವನ್ನು ಕೀಲಿಗೂ ಒದಗಿಸಬಹುದೇ ಎಂಬುದು ವೈದ್ಯರ ಬಹುಕಾಲದ ಪ್ರಶ್ನೆ. ಮೂಳೆಯಲ್ಲಿ ಸಣ್ಣ ರಂಧ್ರಗಳನ್ನು ಕೊರೆದು ಮಜ್ಜೆಯ ಕೋಶಗಳನ್ನು ಹೊರಬರಿಸುವುದು ಒಂದು ವಿಧಾನ. ಆದರೆ ಹಾಗೆ ಬೆಳೆಯುವುದು ನಾರಿನಂಶ ಹೆಚ್ಚಾಗಿರುವ, ಬಾಳಿಕೆ ಕಡಿಮೆಯಾದ ಅಂಗಾಂಶ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ವೈದ್ಯರು ಬೇರೊಂದು ದಾರಿ ಹಿಡಿದರು. ರೋಗಿಯ ಮಂಡಿಯಿಂದಲೇ ಚಿಕ್ಕ ತುಣುಕನ್ನು ತೆಗೆದು, ಅದರ ಕೋಶಗಳನ್ನು ಪ್ರಯೋಗಾಲಯದಲ್ಲಿ ವೃದ್ಧಿಪಡಿಸಿ, ಗಾಯದ ಜಾಗದಲ್ಲಿ ಮರಳಿ ಇರಿಸಿದರು. 1994ರಲ್ಲಿ ಅವರು 23 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದರು. ತೊಡೆಮೂಳೆಯ ತುದಿಗೆ ಚಿಕಿತ್ಸೆ ಪಡೆದ 16 ಮಂದಿಯಲ್ಲಿ 14 ಮಂದಿಗೆ ಎರಡು ವರ್ಷಗಳ ಬಳಿಕ ಉತ್ತಮ ಫಲ ದೊರೆತಿತ್ತು. ಮಂಡಿಚಿಪ್ಪಿಗೆ ಪಡೆದ 7 ಮಂದಿಯಲ್ಲಿ ಇಬ್ಬರಿಗೆ ಮಾತ್ರ. ಕೋಶಗಳನ್ನು ತೆಳು ಪೊರೆಯ ಮೇಲೆ ಬೆಳೆಸಿ ನೆಡುವ ಸುಧಾರಿತ ವಿಧಾನಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ದೊರೆಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಚಿಕಿತ್ಸೆ ಮುಖ್ಯವಾಗಿ ಪೆಟ್ಟಿನಿಂದ ಒಂದೆಡೆ ಹಾನಿಯಾದ ಕೀಲಿಗೆ ಸಲ್ಲುತ್ತದೆ. ವಯಸ್ಸಾದಂತೆ ಇಡೀ ಮಂಡಿ ಸವೆದವರಿಗೆ ಇದು ಪರಿಹಾರವಲ್ಲ. ಮೃದ್ವಸ್ಥಿಯನ್ನು ಮರಳಿ ಬೆಳೆಸುತ್ತೇವೆಂದು ಸಾರುವ ಜಾಹೀರಾತುಗಳನ್ನು ನಂಬಿ ಕೂಡಿಟ್ಟ ಹಣವನ್ನು ಕಳೆದುಕೊಳ್ಳುವ ಮುನ್ನ ನುರಿತ ಮೂಳೆತಜ್ಞರನ್ನು ಕಾಣುವುದು ಲೇಸು. ಬಹುಜನರು ಸೇವಿಸುವ ಗ್ಲುಕೋಸಮೀನ್ ಮಾತ್ರೆಗಳು ಸಹ, 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ, ಒಟ್ಟಾರೆ ರೋಗಿಗಳ ನೋವನ್ನು ಹುಸಿಮಾತ್ರೆಗಿಂತ ಗಣನೀಯವಾಗಿ ತಗ್ಗಿಸಲಿಲ್ಲ.

ಹಾಗಾದರೆ ನಮ್ಮ ಕೈಯಲ್ಲಿರುವುದೇನು? ಮಂಡಿ ನೋಯುತ್ತದೆಂದು ನಡಿಗೆಯನ್ನೇ ಬಿಡುವುದು ತಪ್ಪು. ಕೀಲು ಚಲಿಸಿದಾಗಲೇ ಆ ಕೋಶಗಳಿಗೆ ಆಹಾರ ತಲುಪುವುದು. ದೇಹದ ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆಂದು 2005ರ ಅಧ್ಯಯನವೊಂದು ಕಂಡುಕೊಂಡಿತು. ತೊಡೆಯ ಸ್ನಾಯುಗಳನ್ನು ಬಲಪಡಿಸುವ ಸರಳ ವ್ಯಾಯಾಮವೂ ನೋವನ್ನು ತಗ್ಗಿಸುತ್ತದೆ.

ಮೃದ್ವಸ್ಥಿ ಎಂಬುದು ಎಳೆತನದಲ್ಲಿ ಒಮ್ಮೆ ಮಾತ್ರ ಇರಿಸಿದ ಠೇವಣಿ. ಅದಕ್ಕೆ ಹೊಸ ಜಮೆ ಇಲ್ಲ. ಇದ್ದುದನ್ನು ಹಿತಮಿತವಾಗಿ ಬಳಸುವುದೇ ಜಾಣತನ. ಮನೆಯ ಹಿರಿಯರಿಗೆ ಕುರ್ಚಿ ತಂದಿಡುವುದರ ಜೊತೆಗೆ, ಸಂಜೆ ಅವರ ಕೈಹಿಡಿದು ನಾಲ್ಕು ಹೆಜ್ಜೆ ನಡೆಸುವುದೂ ಸೇವೆಯೇ.